ರೊಟ್ಟಿ ತೋಳು

ಕಪ್ಪತ್ತಗುಡ್ಡದ ತಪ್ಪಲು, ಒಂಬತ್ತನೆಯ ಕೆಳಓಣಿ
ಇಸವಿ ೨೧೭೧, ಬೇಸಿಗೆಯ ಐದನೆಯ ತಿಂಗಳು, ನಲವತ್ತೆರಡನೆಯ ದಿನ

ನನ್ನ ಮುತ್ತಜ್ಜಿಯ ಅಜ್ಜಿಯಾದ ನೀಲವ್ವನಿಗೆ ಸಾವಂತ್ರೆವ್ವ ಬರೆಯುವುದು.

ಮೇಲಿನ ತಾರೀಖು ನೋಡಿ ನಗಬೇಡ. ನಮ್ಮಲ್ಲಿ ವರ್ಷಕ್ಕೆ ಎಂಟೇ ತಿಂಗಳು, ತಿಂಗಳಿಗೆ ನಲವತ್ತೈದು ದಿನ, ಎಂಟರಲ್ಲಿ ಐದು ಬೇಸಿಗೆಯವು. ಉಳಿಯುವ ಐದು ದಿನ ಯಾವ ತಿಂಗಳಿಗೂ ಸೇರಿಲ್ಲ, ಆಗ ಎಲ್ಲರೂ ಮಲಗುತ್ತೇವೆ. ಯಾರು ಹೀಗೆ ಮಾಡಿದರು ಎಂದು ನನ್ನನ್ನು ಕೇಳಬೇಡ, ನಾನು ಐದನೆಯ ಇಯತ್ತೆಗೆ ಶಾಲೆ ಬಿಟ್ಟವಳು. ನನ್ನ ಮಾತಿನಲ್ಲಿ ನಿನಗೆ ತಿಳಿಯದ ಪದಗಳು ಬರುತ್ತವೆ, ಬಂದಲ್ಲೇ ಬಿಡಿಸಿ ಹೇಳುತ್ತೇನೆ. ಏಕವಚನಕ್ಕೂ ಸಿಟ್ಟಾಗಬೇಡ. ನೀನು ವಂಶದಲ್ಲಿ ದೊಡ್ಡವಳು, ಸರಿ. ಆದರೆ ನೀನು ಸತ್ತದ್ದು ಐವತ್ತೆರಡಕ್ಕೆ, ನನಗೀಗ ಎಪ್ಪತ್ತೊಂದು. ಇದನ್ನು ಓದುವ ಹೊತ್ತಿಗೆ ನೀನಿನ್ನೂ ಬದುಕಿರುತ್ತೀ, ಐವತ್ತು ದಾಟಿರುವುದಿಲ್ಲ. ನನ್ನ ಮಗಳಿಗಿಂತ ನಾಲ್ಕಾರು ವರ್ಷ ದೊಡ್ಡವಳು, ಅಷ್ಟೇ. ಹಾಗಾಗಿ ಮಗಳಿಗೆ ಬೈಯುವ ಹಾಗೆಯೇ ಬೈಯುತ್ತೇನೆ.

ನಾನು ಎದೆಮನೆಯ ನೆಲದಡಿಯ ಪಡಸಾಲೆಯಲ್ಲಿ ಕಲ್ಲುಕಟ್ಟೆಯ ಮೇಲೆ ಕುಳಿತಿದ್ದೇನೆ. ಎದೆಮನೆ ಎಂದರೆ ಎದೆಯ ರೋಗದ ಆಸ್ಪತ್ರೆ. ಒಳಗೆ ನನ್ನ ಮಗಳು ಇಳಾ ಇದ್ದಾಳೆ. ಬಾಗಿಲು ಮುಚ್ಚಿ ಒಂದು ತಾಸಾಯಿತು. ಇಲ್ಲೊಂದು ರೂಢಿ ಇದೆ. ಹೊರಗೆ ಕಾಯುವವರ ಕೈಗೆ ಕಾಗದ ಕೊಟ್ಟು, ನಿಮ್ಮ ಮನೆತನದ ಪುಸ್ತಕದಲ್ಲಿ ಮೊದಲ ಹೆಸರು ಯಾರದೋ ಆ ಹೆಂಗಸಿಗೆ ಬರೆಯಿರಿ ಎನ್ನುತ್ತಾರೆ. ಇದಕ್ಕೆ ಹಿಂದೋಲೆ, ಹಿಂದಿನ ಕಾಲಕ್ಕೆ ಬರೆಯುವ ಓಲೆ, ಎಂದು ಹೆಸರು. ಬರೆಯುವಾಗ ಜನ ಸುಳ್ಳು ಹೇಳುವುದಿಲ್ಲವಂತೆ. ಬೇರೆ ದಿನವಾಗಿದ್ದರೆ ಆ ಕಾಗದ ಹರಿದು ಅವರ ಮುಖಕ್ಕೇ ಎಸೆಯುತ್ತಿದ್ದೆ. ಈಗ ಕೈಗೆ ಏನಾದರೂ ಕೆಲಸ ಬೇಕು.

ನಾವು ನೆಲದ ಮೇಲೆ ಬದುಕುವುದು ಬೆಳಿಗ್ಗೆ ಮತ್ತು ಸಂಜೆ ಮಾತ್ರ. ಗುಡ್ಡದ ಬುಡವನ್ನು ಕೊರೆದು ಓಣಿ ಮಾಡಿದ್ದಾರೆ, ಅದೇ ಕೆಳಓಣಿ. ಒಂದೊಂದರಲ್ಲಿ ನಲವತ್ತು ಮನೆ, ಗಾಳಿಗೆ ಒಂದೇ ದೊಡ್ಡ ಕೊಳವೆ. ಹತ್ತು ಗಂಟೆಗೆ ಗಂಟೆ ಬಾರಿಸಿದರೆ ಬಿಸಿಹೊತ್ತು ಶುರುವಾಯಿತು ಎಂದು ಅರ್ಥ. ಅಲ್ಲಿಂದ ಸಂಜೆ ಐದರವರೆಗೆ ಮೇಲೆ ಕಾಲಿಟ್ಟವನು ಹುಚ್ಚ. ಆ ಹೊತ್ತಿನಲ್ಲಿ ಓಡಾಡುವುದು ತಂಪುಗಾಡಿ ಒಂದೇ, ಅದೂ ಸಾಯುವ ಸ್ಥಿತಿಯವರಿಗೆ. ಮನೆಮನೆಗೆ ಒಲೆ ಇಲ್ಲ. ಓಣಿಗೆಲ್ಲ ಸೇರಿ ಒಂದೇ ಒಲೆ, ಓಣಿಒಲೆ. ಮೇಲೆ ಕನ್ನಡಿಗಳು ಬಿಸಿಲು ಹಿಡಿದು ಕೆಳಗೆ ಹಂಚು ಕಾಯಿಸುತ್ತವೆ. ಹೊಗೆ ಇಲ್ಲ. ನಿನ್ನ ಎದೆ ತುಂಬಿದ್ದ ಆ ಹೊಗೆಯ ಕಥೆ ಕೇಳಿದ್ದೇನೆ, ಅದೊಂದರಲ್ಲಿ ನಾವು ನಿನಗಿಂತ ಅದೃಷ್ಟವಂತರು. ಆದರೆ ಹಂಚಿನ ಮುಂದೆ ಕೂರುವವರು ಈಗಲೂ ಹೆಂಗಸರೇ, ಬಡಿಯುವುದು ಈಗಲೂ ಜೋಳದ ರೊಟ್ಟಿಯನ್ನೇ. ನೂರೈವತ್ತು ವರ್ಷದಲ್ಲಿ ಮನುಷ್ಯರು ಸೂರ್ಯನನ್ನು ಹಂಚಿನ ಕೆಳಗೆ ತಂದರು. ರೊಟ್ಟಿ ಬಡಿದವಳನ್ನು ಮೊದಲ ಪಂಕ್ತಿಯಲ್ಲಿ ಕೂರಿಸಲು ಅವರಿಂದ ಆಗಲಿಲ್ಲ.

ನಾನು ಒಲೆಹಿರೇತಿ. ಎಂದರೆ ಓಣಿಒಲೆಯ ಯಜಮಾನತಿ. ದಿನದ ಮೊದಲ ರೊಟ್ಟಿ ಬಡಿಯುವವಳು, ಕೊನೆಗೆ ಉಣ್ಣುವವಳು. ಗಂಡಸರು, ಮಕ್ಕಳು, ಮುದುಕರು, ಬಡಿಯುವ ಹೆಂಗಸರು ಎಲ್ಲರೂ ಉಂಡ ಮೇಲೆ ಹಿರೇತಿ ನಿಂತುಕೊಂಡೇ ತಣ್ಣಗಾದ ರೊಟ್ಟಿ ಮುರಿಯುತ್ತಾಳೆ. ಪಲ್ಯ ಅಷ್ಟರಲ್ಲಿ ಮುಗಿದಿರುತ್ತದೆ. ಉಳಿದ ಉಪ್ಪಿನಕಾಯಿ, ಉಪ್ಪು ಹೆಚ್ಚಾದ ಚಟ್ನಿಯ ತಳ, ಮೇಲೆ ಒಂದು ಲೋಟ ಉಪ್ಪುನೀರು, ಅದೇ ಊಟ. ಇದು ಮರ್ಯಾದೆ. ನನ್ನ ತಾಯಿ ಬಸಲಿಂಗವ್ವನೂ ಹಿರೇತಿ, ಅವಳ ತಾಯಿಯೂ ಹಿರೇತಿ. ಬರುವ ತಿಂಗಳು ಇಳಾಳಿಗೆ ಪಟ್ಟ ಕಟ್ಟುವವರಿದ್ದೆವು.

ರೊಟ್ಟಿ ಬಡಿಯುವವರಿಗೆ ತೋಳು ನೋಯುತ್ತದೆ, ಹೆಗಲು ನೋಯುತ್ತದೆ, ಬೆನ್ನು ಹಿಡಿಯುತ್ತದೆ. ನಿನಗೆ ಹೇಳಬೇಕೆ. ನಾವು ಅದಕ್ಕೆ ರೊಟ್ಟಿ ತೋಳು ಎನ್ನುತ್ತೇವೆ. ಎಣ್ಣೆ ತಿಕ್ಕಿ, ಬಿಸಿ ಬಟ್ಟೆ ಇಟ್ಟು ಮತ್ತೆ ಹಲಗೆಯ ಮುಂದೆ ಕೂರುತ್ತೇವೆ. ನೋವು ಎಂದವಳನ್ನು ಉಳಿದವರು ಆಡಿಕೊಳ್ಳುತ್ತಾರೆ. ಎಪ್ಪತ್ತು ವರ್ಷ ಕೇಳಿದ ಮಾತು ಅದು, ಎಷ್ಟೋ ಸಲ ನಾನೇ ಆಡಿದ ಮಾತು.

ಈಗ ಪುಸ್ತಕದ ವಿಷಯ. ಪ್ರತಿ ಮನೆತನಕ್ಕೂ ಒಂದು ಎದೆಪುಸ್ತಕ ಇದೆ. ಮನೆಯ ಹೆಂಗಸರು ಒಬ್ಬೊಬ್ಬರೂ ಏನಾಗಿ ಹೋದರು, ಬಸುರಿನಲ್ಲಿ ಏನಾಗಿತ್ತು, ಮುಟ್ಟು ಯಾವಾಗ ನಿಂತಿತು, ಎಲ್ಲ ಅದರಲ್ಲಿ ಬರೆಸಬೇಕು. ಅದನ್ನು ನೋಡಿಕೊಳ್ಳುವವಳು ಎದೆತಾಯಿ. ನಿಮ್ಮ ಕಾಲದಲ್ಲಿ ಮನೆಮನೆಗೆ ಬರುತ್ತಿದ್ದ ಆಶಾ ಕಾರ್ಯಕರ್ತೆಯ ಹಾಗೆ ಎಂದುಕೋ. ಪುಸ್ತಕದಲ್ಲಿ ಎದೆಯಿಂದ ಸತ್ತ ಹೆಂಗಸು ಇದ್ದರೆ ಆ ಮನೆಯ ಹೆಣ್ಣುಮಕ್ಕಳನ್ನು ಎದೆತಾಯಿ ಮೂವತ್ತರಿಂದಲೇ ಹುಡುಕಿಕೊಂಡು ಬಂದು ನೋಡುತ್ತಾಳೆ. ಒಳ್ಳೆಯದೇ. ಆದರೆ ಯಾವನೋ ಬುದ್ಧಿವಂತ ಇನ್ನೊಂದು ಕಟ್ಟಳೆ ಸೇರಿಸಿದ: ಅಂಥ ಮನೆಯವರು ಹಂಚಿನ ಬಿಸಿಯ ಮುಂದೆ ಹಿರೇತಿಯಾಗಿ ಕೂರಬಾರದು. ಕಾಪಾಡಲಿಕ್ಕೆಂದೇ ಮಾಡಿದ್ದು. ಅವತ್ತಿನಿಂದ ನಮ್ಮ ಓಣಿಯಲ್ಲಿ ಯಾವ ಹೆಂಗಸೂ ಎದೆಯಿಂದ ಸಾಯಲಿಲ್ಲ. ಪುಸ್ತಕದಲ್ಲಿ ಸಾಯಲಿಲ್ಲ ಎನ್ನುತ್ತಿದ್ದೇನೆ.

ನಮ್ಮ ಪುಸ್ತಕದ ಐದು ಸಾಲು ನನಗೆ ಬಾಯಿಪಾಠ. ನೀನು: ಗ್ಯಾಸ್ ಏರಿ. ನಿನ್ನ ಮಗಳು: ಸುಸ್ತಾಗಿ. ಅವಳ ಮಗಳು: ದಿಗಿಲು ಬಿದ್ದು. ನನ್ನ ಅಜ್ಜಿ: ರೊಟ್ಟಿ ತೋಳು, ಮಲಗಿದಲ್ಲೇ. ನನ್ನ ತಾಯಿ: ಬಿಸಿಲು ಬಡಿದು. ಐದು ಜನರಲ್ಲಿ ಒಬ್ಬರೂ ಅರವತ್ತು ದಾಟಿಲ್ಲ. ಆ ಐದನೆಯ ಸಾಲು ಬರೆಸಿದವಳು ನಾನು.

ಆಗ ನನಗೆ ಇಪ್ಪತ್ತೆರಡು, ಅವ್ವನಿಗೆ ನಲವತ್ತೆಂಟು. ಮೂರು ವಾರದಿಂದ ಅವಳು ಮೆಟ್ಟಿಲು ಹತ್ತುವಾಗ ನಡುವೆ ನಿಂತು, ಗೋಡೆ ನೋಡುವವಳಂತೆ ನಟಿಸುತ್ತಿದ್ದಳು. ರಾತ್ರಿಯೆಲ್ಲ ಮಲಗಿದರೂ ಬೆಳಿಗ್ಗೆ ಹೆಣ ಎದ್ದ ಹಾಗೆ ಏಳುತ್ತಿದ್ದಳು. ಸತ್ತ ದಿನ ಹಿಟ್ಟು ನಾದುತ್ತಿದ್ದವಳು ನನ್ನ ಕೈ ಎಳೆದು ತನ್ನ ಎದೆಯ ನಡುವೆ ಒತ್ತಿ ಹಿಡಿದಳು. ಬೆವರಿನಿಂದ ಕುಪ್ಪಸ ಒದ್ದೆಯಾಗಿತ್ತು, ಮೈ ಮಾತ್ರ ತಣ್ಣಗಿತ್ತು. ಬಿಸಿಲು ಬಡಿದವರ ಮೈ ಕಾದಿರುತ್ತದೆ ಎಂದು ನನಗೆ ಆಗಲೇ ಗೊತ್ತಿತ್ತು. ಆದರೂ ಎದೆತಾಯಿ ಪುಸ್ತಕ ತೆರೆದು ಕೇಳಿದಾಗ ಬಿಸಿಲು ಎಂದೆ. ಹಿರೇತಿಯ ಜಾಗ ನಮ್ಮ ಮನೆ ಬಿಟ್ಟು ಹೋಗಬಾರದಿತ್ತು. ಹೋಗಲಿಲ್ಲ.

ಇನ್ನೊಂದೂ ಇದೆ. ನಲವತ್ತಕ್ಕೆ ನನಗೂ ತಲೆ ಸಿಡಿಯಲು ಶುರುವಾಯಿತು. ಎರಡು ಗುಡ್ಡ ದಾಟಿ, ಗುರುತಿನವರಿಲ್ಲದ ಓಣಿಗೆ ಹೋಗಿ, ಬೇರೆ ಹೆಸರು ಹೇಳಿ ತೋರಿಸಿಕೊಂಡೆ. ರಕ್ತದೊತ್ತಡ ಎಂದರು. ದಿನಕ್ಕೊಂದು ಗುಳಿಗೆ ಕೊಟ್ಟರು, ಉಪ್ಪು ಕಡಿಮೆ ಮಾಡು ಎಂದರು, ಎಲೆಗೆ ತಂಬಾಕು ಇಟ್ಟುಕೊಳ್ಳುವುದನ್ನು ಬಿಡಿಸಿದರು, ದಿನಾ ಅರ್ಧ ತಾಸು ಬಿರುಸಾಗಿ ನಡೆ ಎಂದರು. ನಿಂತು ಉಣ್ಣುವ ನಾಟಕ ಮುಗಿಸಿ ಉಪ್ಪಿನಕಾಯಿಯನ್ನು ಹರಿನೀರಿಗೆ ಬಿಡುತ್ತಿದ್ದೆ. ಗುಳಿಗೆಯನ್ನು ಶೇಂಗಾ ಚಟ್ನಿಯ ಡಬ್ಬಿಯಲ್ಲಿ ಬಚ್ಚಿಟ್ಟು ಮೂವತ್ತೊಂದು ವರ್ಷ ನುಂಗಿದ್ದೇನೆ. ಒಂದು ದಿನವೂ ತಪ್ಪಿಸಿಲ್ಲ. ಐದು ಹೆಂಗಸರು ದಾಟದ ಅರವತ್ತನ್ನು ನಾನು ದಾಟಿದ್ದು ಆ ಸಣ್ಣ ಬಿಳಿ ಗುಳಿಗೆಯಿಂದ. ಓಣಿಯವರು ನನ್ನನ್ನು ಗಟ್ಟಿ ಮುದುಕಿ ಎನ್ನುತ್ತಾರೆ. ಇಳಾ ಕೂಡ ಹಾಗೆಯೇ ನಂಬಿದ್ದಾಳೆ. ನಮ್ಮವ್ವನ ಮೈ ಕಲ್ಲು, ಅವಳ ಹೊಟ್ಟೆಯಲ್ಲಿ ಹುಟ್ಟಿದ ನನಗೇನಾಗುತ್ತದೆ ಎಂದುಕೊಂಡಳು. ನಾನು ಹಾಗೆ ಎಂದುಕೊಳ್ಳಲು ಬಿಟ್ಟೆ.

ಇಳಾಳಿಗೆ ಎರಡೂ ಬಸುರಿನಲ್ಲಿ ಮುಖ ಕೈಕಾಲು ಬಾತು ಒತ್ತಡ ಏರಿತ್ತು. ಹೆರಿಗೆಯಾದ ಮೇಲೆ ಇಳಿಯಿತು, ಮರೆತೆವು. ಮರೆಯಬಾರದಂತೆ. ಬಸುರಿನಲ್ಲಿ ಒತ್ತಡವೋ ಸಕ್ಕರೆಯೋ ಏರಿದವಳಿಗೆ ಇಪ್ಪತ್ತು ವರ್ಷದ ನಂತರ ಎದೆ ಕೈ ಕೊಡುವ ಅಪಾಯ ಹೆಚ್ಚು, ಅದಕ್ಕೇ ಅವಳನ್ನು ವರ್ಷ ವರ್ಷ ನೋಡಬೇಕಂತೆ. ನಮ್ಮ ಎದೆತಾಯಿ ರಹಮತಬಿ ಇವತ್ತು ಹೇಳಿದಳು. ಪುಸ್ತಕದಲ್ಲಿ ಇಳಾಳ ಹಿಂದಿನ ಐದೂ ಸಾಲು ಸ್ವಚ್ಛವಾಗಿದ್ದುದರಿಂದ ಐದು ವರ್ಷಕ್ಕೊಮ್ಮೆ ನೋಡಿದರೆ ಸಾಕು ಎಂದು ಬಿಟ್ಟಿದ್ದಳಂತೆ.

ಇವತ್ತು ಬೆಳಿಗ್ಗೆ ಇಳಾ ಬಡಿಯುತ್ತಾ ಬಡಿಯುತ್ತಾ ಕೈ ನಿಲ್ಲಿಸಿದಳು. ಪಕ್ಕದವಳು ಸುಮ್ಮನಿರಬೇಕಲ್ಲ.

“ಏನ್ ಬೇ ಇಳಾ, ಹಿರೇತಿ ಆಗೂಕಿಂತ ಮೊದಲ ದಣಿದೇನ? ಇನ್ನೂ ಪಟ್ಟಾ ಕಟ್ಟಿಲ್ಲ ನಿನಗ.”

“ತೋಳು ಜಗ್ಗಾಕತ್ತೈತಿ. ದವಡಿನೂ ಹಿಡದಂಗ ಆಗೇತಿ. ಯವ್ವಾ, ಸ್ವಲ್ಪ ಗಾಳಿಗೆ ಹೋಗಿ ಬರ್ಲೇನ?”

ನಾನು ಏನೆಂದೆ ಗೊತ್ತೇ? “ರೊಟ್ಟಿ ತೋಳು ಅದು. ಎಣ್ಣಿ ಹಚ್ಚಿಕೋ. ಪಂಕ್ತಿ ಏಳೂ ಮಟಾ ಕುಂದ್ರು, ನಾಕ ಮಂದಿ ನೋಡಾಕತ್ತಾರ.”

ಅವಳು ಕುಳಿತಳು. ನಾನೇ ಎಣ್ಣೆ ತಂದು ತಿಕ್ಕಿದೆ. ನೀಲವ್ವ, ರೊಟ್ಟಿ ಬಡಿಯುವುದು ಬಲಗೈ. ನಾನು ತಿಕ್ಕಿದ್ದು ಎಡ ತೋಳನ್ನು. ಅವಳು ತೋರಿಸಿದ್ದು ಅದನ್ನೇ. ಅರವತ್ತು ವರ್ಷ ರೊಟ್ಟಿ ಬಡಿದ ಮುದುಕಿ ನಾನು, ಯಾವ ಕೈ ಎಂದು ನೋಡಲಿಲ್ಲ.

ಇಳಾ ವಾಂತಿ ಬರುವಂತಾಗಿ ಮಗ್ಗುಲಿಗೆ ಬಿದ್ದ ಮೇಲೆ ರಹಮತಬಿಯನ್ನು ಕರೆಸಿದರು. ಓಣಿಯಲ್ಲಿ ಅವಳ ಬಳಿ ಇರುವುದು ಒತ್ತಡ ನೋಡುವ ಪಟ್ಟಿ, ಉಪ್ಪುನೀರು, ಪುಸ್ತಕ. ಎದೆಯ ಗೆರೆ ತೆಗೆಯುವ ಯಂತ್ರ ಎದೆಮನೆಯಲ್ಲಿದೆ. ಅಷ್ಟರಲ್ಲಿ ಬಿಸಿಹೊತ್ತಿನ ಗಂಟೆ ಬಾರಿಸಿಯಾಗಿತ್ತು. ತಂಪುಗಾಡಿ ಕರೆಸಬೇಕಾದರೆ ಕಾರಣ ಹೇಳಬೇಕು. ಅವಳು ಪುಸ್ತಕ ತೆರೆದು ನನ್ನ ಮುಖ ನೋಡಿದಳು.

“ಆಯಿ, ನಿಮ್ಮ ವಂಶದಾಗ ಯಾರರ ಎದಿ ಹಿಡದು ಹೋಗ್ಯಾರೇನ? ಇದರಾಗ ಯಾರೂ ಇಲ್ಲ.”

ಸುತ್ತ ನಲವತ್ತು ಮನೆಯವರು ನಿಂತಿದ್ದರು. ನಾನು ಇಲ್ಲ ಎಂದೆ. ಹಾಗಾದರೆ ಬಿಸಿಲಿನದೇ ಇರಬೇಕು ಎಂದು ಉಪ್ಪುನೀರು ಕುಡಿಸಿ ತಂಪು ಕೋಣೆಯಲ್ಲಿ ಮಲಗಿಸಿದರು. ನಾನು ಪಕ್ಕದಲ್ಲಿ ಕುಳಿತು ಗಾಳಿ ಹಾಕುತ್ತಿದ್ದೆ. ಎರಡು ತಾಸು, ನೀಲವ್ವ. ಎರಡು ತಾಸು ಗಾಳಿ ಹಾಕಿದೆ. ಆಮೇಲೆ ಇಳಾ ನನ್ನ ಕೈ ಹಿಡಿದು ಎಳೆದು ಎದೆಯ ನಡುವೆ ಇಟ್ಟುಕೊಂಡಳು. ಅವ್ವ ಇಟ್ಟುಕೊಂಡ ಹಾಗೆಯೇ. ಮೈ ತಣ್ಣಗಿತ್ತು.

ಎದ್ದು ಹೋಗಿ ಎಲ್ಲ ಹೇಳಿದೆ. ಅವ್ವನ ಸಾವು, ಗುಳಿಗೆಯ ಡಬ್ಬಿ, ಬೇರೆ ಹೆಸರು, ಎಲ್ಲ. ರಹಮತಬಿ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ನನ್ನನ್ನು ಬದಿಗೆ ತಳ್ಳಿ ಗಾಡಿ ಕರೆಸಿದಳು.

ಇನ್ನು ನಿನ್ನ ವಿಷಯ. ನೀನು ಇನ್ನೂ ಆಡದ ಮಾತು ನನ್ನ ಬಳಿ ಇದೆ. ನೀನು ಫೋನಿನಲ್ಲಿ ತಂಗಿ ಗಿರಿಜಾಳಿಗೆ ಕಳಿಸಿದ ಧ್ವನಿ ಅದು. ಅವಳು ಅಳಿಸಲಿಲ್ಲ, ಅವಳ ಮಕ್ಕಳೂ ಅಳಿಸಲಿಲ್ಲ. ಯಂತ್ರದಿಂದ ಯಂತ್ರಕ್ಕೆ ದಾಟುತ್ತಾ ನಮ್ಮವರೆಗೆ ಬಂದಿದೆ. ಹಬ್ಬದ ದಿನ ಹಾಕಿ ಕೇಳುತ್ತೇವೆ, ನಮ್ಮ ಹಿರಿಯಳ ದನಿ ಎಷ್ಟು ಚೆಂದ ಎಂದು. ನಿನ್ನ ಹಿಂದೆ ರೊಟ್ಟಿ ಬಡಿಯುವ ಸಪ್ಪಳವೂ ಕೇಳುತ್ತದೆ. ನೀನು ಹೀಗೆ ಹೇಳುತ್ತೀ:

“ಗಿರಿಜಾ, ನಾಳಿ ಬರಾಕ ಆಗಂಗಿಲ್ಲ ಬೇ. ಎರಡು ದಿನ ಆತು, ದವಡಿ ನೋಯಾಕತ್ತಾವು, ಬೆನ್ನಾಗ ಯಾರೋ ಏರಿ ಕುಂತಂಗ ಆಗೇತಿ. ಸೋಡಾ ಕುಡದೀನಿ. ಗ್ಯಾಸ್ ಇರಬೇಕ ತಗೋ. ಎದಿ ಏನೂ ನೋಯಾಕತ್ತಿಲ್ಲ, ಹೆದರಬ್ಯಾಡ. ಖಾನಾವಳಿಯವ್ರಿಗೆ ಇನ್ನೂರು ರೊಟ್ಟಿ ಕೊಡೂದೈತಿ, ಅಷ್ಟು ಬಡದು ಅಡ್ಡ ಆಕ್ಕೀನಿ. ನಿಮ್ಮನ್ಯಾಗ ಎಲ್ಲಾರದೂ ಊಟ ಆತಿಲ್ಲೋ?”

ಅಡ್ಡ ಆಗುತ್ತೀ. ಮತ್ತೆ ಏಳುವುದಿಲ್ಲ. ಐದು ತಲೆಮಾರು ಆ ದನಿ ಕೇಳಿ ಕಣ್ಣೊರೆಸಿಕೊಂಡೆವು. ಒಬ್ಬಳಾದರೂ ಆ ಮಾತು ಏನು ಹೇಳುತ್ತಿದೆ ಎಂದು ಕೇಳಿಸಿಕೊಂಡಿದ್ದರೆ ಇಳಾ ಈಗ ಆ ಬಾಗಿಲಿನ ಒಳಗೆ ಇರುತ್ತಿರಲಿಲ್ಲ.

ಆದ್ದರಿಂದ ನೆಟ್ಟಗೆ ಕೇಳು. ನಿನ್ನ ಮಗಳು ಹುಟ್ಟುವಾಗ ನಿನಗೆ ಒತ್ತಡ ಏರಿ ಫಿಟ್ಸ್ ಬಂದಿತ್ತು. ಅವಳೇ ಬರೆಸಿದ್ದಾಳೆ. ಮೂವತ್ತಾರಕ್ಕೆ ಗರ್ಭಚೀಲವನ್ನೂ ಅಂಡಾಶಯವನ್ನೂ ತೆಗೆಸಿಕೊಂಡೆ, ಅದನ್ನೂ ಬರೆಸಿದ್ದಾಳೆ. ಹೊತ್ತಿಗೆ ಮೊದಲೇ ಮುಟ್ಟು ನಿಂತವಳಿಗೆ ಎದೆಯ ಗಂಡಾಂತರ ಬೇಗ ಹತ್ತಿರವಾಗುತ್ತದೆ. ಡಾಕ್ಟರ ಮುಂದೆ ಕುಳಿತಾಗ ಮಂಡಿನೋವು ಹೇಳಿ ಎದ್ದು ಬರಬೇಡ, ಈ ಎರಡನ್ನೂ ಬಾಯಿಬಿಟ್ಟು ಹೇಳು. ಅವರು ಕೇಳುವುದಿಲ್ಲ, ನೀನೇ ಹೇಳಬೇಕು. ಒತ್ತಡ, ಸಕ್ಕರೆ, ರಕ್ತದ ಕೊಬ್ಬು ನೋಡಿಸು. ಗಂಡನದನ್ನು ವರ್ಷಕ್ಕೆ ಎರಡು ಸಲ ನೋಡಿಸುತ್ತೀಯಲ್ಲ, ಅದೇ ಬಸ್ಸಿನಲ್ಲಿ ನೀನೂ ಕುಳಿತಿರುತ್ತೀ, ನಿನ್ನ ಕೈಗೂ ಪಟ್ಟಿ ಸುತ್ತಿಸಿಕೋ. ಗುಳಿಗೆ ಕೊಟ್ಟರೆ ತಲೆನೋವು ಹೋಯಿತೆಂದು ನಿಲ್ಲಿಸಬೇಡ. ಬಚ್ಚಿಡಲೂ ಬೇಡ, ಎಲ್ಲರಿಗೂ ಕಾಣುವ ಹಾಗೆ ಗೂಡಿನಲ್ಲಿ ಇಡು, ನಿನ್ನ ಮಗಳು ನೋಡಲಿ. ತಂಬಾಕು ಉಗಿ. ಕಟ್ಟಿಗೆಯ ಹೊಗೆ ಮುಂದೆ ಕೂರಬೇಡ. ಊರೆಲ್ಲ ಉಂಡ ಮೇಲೆ ಉಪ್ಪಿನಕಾಯಿ ನೆಕ್ಕುವ ಬದಲು ಮೊದಲ ಪಂಕ್ತಿಯಲ್ಲೇ ಕುಳಿತು ಪಲ್ಯ ಉಣ್ಣು. ಅತ್ತೆ ಏನಾದರೂ ಅಂದರೆ ಮೊಮ್ಮಗಳ ಮೊಮ್ಮಗಳ ಮಗಳು ಹೇಳಿದ್ದಾಳೆ ಎನ್ನು.

ಎದೆ ಹಿಡಿದುಕೊಂಡು ಧೊಪ್ಪೆಂದು ಬೀಳುವುದನ್ನೇ ಕಾಯಬೇಡ. ಹೆಂಗಸಿಗೆ ಎದೆ ನೋಯಬಹುದು, ನೋಯದೆಯೂ ಇರಬಹುದು. ದವಡೆಗೆ ಬರುತ್ತದೆ, ಬೆನ್ನಿಗೆ ಬರುತ್ತದೆ, ಯಾವ ತೋಳಿಗಾದರೂ ಬರುತ್ತದೆ, ಬರೀ ತಣ್ಣನೆಯ ಬೆವರಾಗಿ, ವಾಂತಿಯಾಗಿ, ಉಸಿರು ಸಿಗದ ಹಾಗೆ ಬರುತ್ತದೆ. ಹಾಗಾದರೆ ಸೋಡಾ ಕುಡಿಯಬೇಡ, ಎಣ್ಣೆ ತಿಕ್ಕಬೇಡ, ಗಂಡ ಬರಲಿ ಎಂದು ಕಾಯಬೇಡ. ನಿಮ್ಮಲ್ಲಿ ನೂರಾ ಎಂಟಕ್ಕೆ ಫೋನ್ ಮಾಡಿದರೆ ಗಾಡಿ ಬರುತ್ತಿತ್ತಂತೆ, ಬಿಸಿಹೊತ್ತು ತಂಪುಹೊತ್ತು ನೋಡದೆ, ವಂಶದ ಪುಸ್ತಕ ಕೇಳದೆ. ಎಂಥ ಭಾಗ್ಯವಂತರು ನೀವು. ಅದನ್ನು ಕರೆ. ಆಸ್ಪತ್ರೆಯಲ್ಲಿ ಗ್ಯಾಸ್ ಎಂದು ಕಳಿಸಲು ನೋಡಿದರೆ ಇಸಿಜಿ ತೆಗೆಯುವವರೆಗೆ ಮಂಚ ಬಿಟ್ಟು ಇಳಿಯಬೇಡ.

ಬಾಗಿಲು ತೆರೆಯಿತು. ರಹಮತಬಿ ಬರುತ್ತಿದ್ದಾಳೆ. ಮುಖ ನೋಡಿದರೆ ಏನೂ ತಿಳಿಯುತ್ತಿಲ್ಲ. ನಾನು ಈ ಕಾಗದದ ಮೇಲೆಯೇ ಕಣ್ಣಿಟ್ಟಿದ್ದೇನೆ, ತಲೆ ಎತ್ತುವ ಧೈರ್ಯ ಇಲ್ಲ.

ಬದುಕಿದ್ದಾಳೆ. ಮುಚ್ಚಿದ್ದ ನಾಳ ತೆರೆದಿದ್ದಾರೆ. ಆದರೆ ಎದೆಯ ಒಂದು ಪಾಲು ರಕ್ತವಿಲ್ಲದೆ ಒಣಗಿದೆ, ಅದು ಇನ್ನು ಮೊದಲಿನಂತೆ ಬಡಿಯುವುದಿಲ್ಲ. ನಾನು ಗಾಳಿ ಹಾಕುತ್ತಾ ಕುಳಿತ ಎರಡು ತಾಸು ಅದು. ಅವಳು ಕಣ್ಣು ಬಿಟ್ಟಳು ಎಂದು ಕೇಳಿ ನನ್ನ ಜೀವ ಒಂದು ಗಳಿಗೆ ಹಗುರಾಯಿತು. ಆಮೇಲೆ ರಹಮತಬಿ ಹೇಳಿದಳು: “ಎಚ್ಚರಾದಕೂಡಲೇ ಏನ್ ಕೇಳಿದ್ಲು ಗೊತ್ತೇನ ಆಯಿ? ಎಲ್ಲಾರದೂ ಊಟ ಆತಾ ಅಂತ.”

ಅವಳು ಬದುಕಿ ಬಂದು ಮತ್ತೆ ಅದೇ ಹಲಗೆಯ ಮುಂದೆ, ಅದೇ ಕೊನೆಯ ಪಂಕ್ತಿಯಲ್ಲಿ ನಿಲ್ಲುತ್ತಾಳೆ, ಅವಳ ಮಗಳು ಅದನ್ನು ನೋಡುತ್ತಾಳೆ. ಸಾವಿಗಿಂತ ಅದಕ್ಕೇ ಹೆಚ್ಚು ಹೆದರಿದ್ದೇನೆ.

ರಹಮತಬಿ ಕೊಟ್ಟ ಎದೆಪುಸ್ತಕ ಈಗ ನನ್ನ ತೊಡೆಯ ಮೇಲಿದೆ. ಬಿಸಿಲು ಎನ್ನುವುದನ್ನು ಹೊಡೆದು ಎದೆ ಎಂದು ಬರೆದೆ. ನನ್ನ ಹೆಸರು ಬರೆದು ಮೂವತ್ತೊಂದು ವರ್ಷದ ಗುಳಿಗೆಯನ್ನೂ ಬರೆದೆ. ಹಿರೇತಿಯ ಪಟ್ಟ ನಮ್ಮ ಮನೆ ಬಿಟ್ಟು ಹೋಯಿತು, ಹೋಗಲಿ. ಈಗ ಒಳಗೆ ಹೋಗಿ ಇಳಾಳಿಗೆ ಅದನ್ನು ಓದಿ ಹೇಳಬೇಕು. ನಿನ್ನ ಸಾಲಿನಲ್ಲಿ ಗ್ಯಾಸ್ ಎಂದಿದ್ದುದನ್ನೂ ಹೊಡೆದಿದ್ದೇನೆ. ಅಲ್ಲಿ ಬೇರೆ ಏನೂ ಬರೆದಿಲ್ಲ, ಖಾಲಿ ಬಿಟ್ಟಿದ್ದೇನೆ. ಅಲ್ಲಿ ಏನು ಬರೆಯಬೇಕು, ಐವತ್ತೆರಡರ ಜಾಗದಲ್ಲಿ ಯಾವ ವಯಸ್ಸು ಬರೆಯಬೇಕು ಎನ್ನುವುದು ಇನ್ನೂ ನಿನ್ನ ಕೈಯಲ್ಲಿದೆ.

ಆ ದಿನ ಬಂದಾಗ ಗಿರಿಜಾಳಿಗೆ ಆ ಮಾತು ಕಳಿಸಬೇಡ. ನಿನ್ನ ದನಿ ನಮಗೆ ಬೇಡ. ಇನ್ನೂರು ರೊಟ್ಟಿ ಹಾಳಾಗಿ ಹೋಗಲಿ. ಹಂಚು ಇಳಿಸಿ ಏಳು.